ನಾಲ್ಕು ಊರು, ಒಂದೇ ನಕ್ಷೆ

ಹಿರೇಕೆರೂರಿನಿಂದ ಹಾನಗಲ್ಲಿಗೆ ಬಸ್ಸು ಹತ್ತಿದಾಗ ಏಪ್ರಿಲ್ ಬಿಸಿಲು ಆಗಲೇ ನೆತ್ತಿಗೇರಿತ್ತು. ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ಸರ್ಕಾರಿ ಕಟ್ಟಡ ನೋಡಲು ಹೊರಟಿದ್ದೇನೆ ಎಂದಾಗ ಪಕ್ಕದ ಸೀಟಿನವರು ನಕ್ಕರು: ‘ಗುಡಿ ಬಿಟ್ಟು ಕಚೇರಿ ನೋಡಾಕ ಯಾರ್ ಬರ್ತಾರ್ರೀ?’

ಹಾನಗಲ್ಲಿನಲ್ಲಿ ಗುಡಿಗೂ ಹೋದೆ. ತಾರಕೇಶ್ವರದ ಮಂಟಪಕ್ಕೆ ಕಾಲಿಟ್ಟೊಡನೆ ಬೆವರು ಆರಿತು. ಮುಂದಕ್ಕೆ ಚಾಚಿದ ಕಲ್ಲಿನ ಸೂರು ಬಿಸಿಲನ್ನು ಹೊರಗೇ ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ. ಇದು ಮಲೆನಾಡಿನ ಅಂಚು, ಭತ್ತದ ಸೀಮೆ. ಹಳೆಯ ಮನೆಗಳಿಗೆ ಇಳಿಜಾರು ಹಂಚು. ಪೂರ್ವಕ್ಕೆ ಸವಣೂರಿನತ್ತ ಸರಿದಂತೆ ಮಳೆ ಕಡಿಮೆ. ಅಲ್ಲಿ ದಪ್ಪ ಮಣ್ಣಿನ ಗೋಡೆ, ಮೇಲ್ಮುದ್ದೆ ಮಾಳಿಗೆ, ಮೇಲೊಂದು ಬೆಳಕಿಂಡಿ. ಈಚಿನ ಕಚೇರಿಗಳು ಮಾತ್ರ ಎಲ್ಲಿ ಹೋದರೂ ಒಂದೇ ಅಚ್ಚಿನವು: ಚಪ್ಪಟೆ ಆರ್‌ಸಿಸಿ ಛಾವಣಿ, ಗಾಜಿನ ಕಿಟಕಿ.

ಅಂಥದ್ದೊಂದರೊಳಗೆ ಹೊಕ್ಕೆ. ಯಾವ ಊರಿನದೆಂದು ಹೇಳುವುದಿಲ್ಲ. ಪಡುವಣ ಬಿಸಿಲು ತಡೆಯಲು ಗುಮಾಸ್ತರು ಗಾಜಿಗೆ ಹಳೆಯ ಪತ್ರಿಕೆ ಅಂಟಿಸಿದ್ದರು. ಕತ್ತಲಾಯಿತೆಂದು ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟು ಹಚ್ಚಿದ್ದರು. ಛಾವಣಿಯ ಪೈಪು ನೇರ ಗಟಾರಕ್ಕೆ. ಜಮೀನಿನ ಉತಾರಕ್ಕೆ ಬಂದ ಅಜ್ಜ ಹೊರಗೆ ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದರು.

‘ಒಳಗ ಯಾಕ ಕುಂತಿಲ್ರೀ ಅಜ್ಜಾರ?’

‘ಒಳಗ ಕುದೀತೈತಿ ತಮ್ಮಾ. ಹೆಸರು ಕರದ್ರ ಇಲ್ಲಿಗೇ ಕೇಳಸ್ತೈತಿ.’

ಕಟ್ಟಡಗಳ ಇಂಧನ ಉಳಿತಾಯಕ್ಕೆಂದು ಕೇಂದ್ರ ಸರ್ಕಾರ 2007ರಲ್ಲೇ ಸಂಹಿತೆ ತಂದಿತು, 2017ರಲ್ಲಿ ಪರಿಷ್ಕರಿಸಿತು. ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸಿರುವುದು ಅದರ ಒಳ್ಳೆಯ ಗುಣ. ಆದರೆ ಅದು ಅನ್ವಯಿಸಿದ್ದು 100 ಕಿಲೋವ್ಯಾಟ್ ಅಥವಾ ಹೆಚ್ಚು ವಿದ್ಯುತ್ ಸಂಪರ್ಕದ ಕಟ್ಟಡಗಳಿಗೆ. ಫ್ಯಾನು ಟ್ಯೂಬ್‌ಲೈಟಿನ ಸಣ್ಣ ಕಚೇರಿ ಅದರ ಲೆಕ್ಕಕ್ಕೆ ಬರುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ 1974ರಿಂದ ಹಳ್ಳಿಗೆ ಒಗ್ಗುವ ತಂತ್ರಜ್ಞಾನದಲ್ಲಿ ತೊಡಗಿ, ಸುಡದ ಮಣ್ಣಿನ ಇಟ್ಟಿಗೆಯನ್ನೂ ರೂಢಿಗೆ ತಂದಿತು. ಆ ಇಟ್ಟಿಗೆಯೂ ಈ ದಾರಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಸಿಮೆಂಟಿನ ಮೇಲೆ ನನಗೇನೂ ಮುನಿಸಿಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅದರಲ್ಲೇ ಶಿಲ್ಪಗಳ ಒಂದಿಡೀ ಹಳ್ಳಿಯನ್ನು ನಿಲ್ಲಿಸಿದರು.

ಸವಣೂರಿನ ಕಲ್ಮಠದ ಆವರಣದಲ್ಲಿ ‘ದೊಡ್ಡ ಹುಣಸೆ’ ಎನ್ನುವ ಬಾವೊಬಾಬ್ ಮರಗಳಿವೆ. ಮೂಲ ಆಫ್ರಿಕಾ. ಮಳೆಗಾಲದ ನೀರನ್ನು ದಪ್ಪ ಕಾಂಡದಲ್ಲಿ ಹಿಡಿದಿಟ್ಟು, ಒಣಗಾಲದಲ್ಲಿ ಎಲೆ ಉದುರಿಸಿ ಬದುಕುವ ಜಾತಿ. ಕಚೇರಿಯ ಪೈಪು ಗಟಾರಕ್ಕೆ ಬಿಟ್ಟ ನೀರು ನೆನಪಾಗದೆ ಇರಲಿಲ್ಲ.

ಬಿದ್ದ ಮಳೆಯನ್ನು ಅಳೆದು ಬರೆದಿಡುವ ರೂಢಿ ತಾಲೂಕು ಕಚೇರಿಗಳಲ್ಲೇ ಹಿಂದಿನಿಂದ ಇದೆ. ಹೊಸ ನಕ್ಷೆಗೆ ಸಹಿ ಹಾಕುವ ಎಂಜಿನಿಯರ್ ಸಾಹೇಬರು ಮೊದಲು ಆ ಪುಸ್ತಕ ತರಿಸಿ ನೋಡಲಿ. ಪಡುವಣ ಗೋಡೆಗೊಂದು ಪಡಸಾಲೆ, ಛಾವಣಿ ನೀರಿಗೊಂದು ತೊಟ್ಟಿ ಸೇರಿಸಿದ ಮೇಲೆ ಸಹಿ ಹಾಕಲಿ.