ಆ ಸ್ಟಿಕ್ಕರ್ ಜೋಪಾನ, ಅಕ್ಕ

ಪ್ರೀತಿಯ ಅಕ್ಕ,

ಅಂಗಳದ ಪಾಚಿಗೆ ಜಾರಿಬಿದ್ದ ಮಾವನವರು ಮಂಗಳೂರಿನಲ್ಲಿ ಸೊಂಟದ ಕೀಲು ಬದಲಿಸಿಕೊಂಡು ಗುಂಡ್ಯದ ಮನೆ ಸೇರಿದರೆಂದು ಓದಿ ಸಮಾಧಾನವಾಯಿತು. "ಕಂಪನಿಯ ಕೀಲೂ ಕೆಡುತ್ತದಂತೆ, ಹೌದಾ?" ಎಂದು ಕೇಳಿದ್ದೀರಿ. ಹೌದು ಅಕ್ಕ, ಒಂದು ಕೆಟ್ಟಿತ್ತು.

ಜಾನ್ಸನ್ ಅಂಡ್ ಜಾನ್ಸನ್ ಬಳಗದ ಡಿಪ್ಯೂ ಕಂಪನಿಯ ಎಎಸ್‌ಆರ್ ಎಂಬ ಕೀಲು ಅದು. ಗುಂಡೂ ಲೋಹದ್ದು, ಅದು ಕೂರುವ ಬಟ್ಟಲೂ ಲೋಹದ್ದು. ನಡೆದಂತೆಲ್ಲ ಒಂದಕ್ಕೊಂದು ತಿಕ್ಕಿ ಕೋಬಾಲ್ಟ್, ಕ್ರೋಮಿಯಂ ಕಣಗಳು ಉದುರಿ ಸುತ್ತಲಿನ ಮಾಂಸ ಕೆಡಿಸಿದವು, ರಕ್ತಕ್ಕೂ ಸೇರಿದವು. ಎಷ್ಟೋ ಜನ ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆಸ್ಟ್ರೇಲಿಯಾದಲ್ಲಿ 2009ರ ಡಿಸೆಂಬರಿನಲ್ಲೇ ಅದನ್ನು ಹಿಂತೆಗೆದರು. ಜಗತ್ತಿನ ಉಳಿದೆಡೆ ವಾಪಸ್ ಪಡೆದದ್ದು 2010ರ ಆಗಸ್ಟಿನಲ್ಲಿ. ನಡುವಿನ ಎಂಟು ತಿಂಗಳಲ್ಲಿ ಎಷ್ಟು ಮಂದಿಯ ಸೊಂಟ ಸೇರಿತೋ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಭಾರತದಲ್ಲಿ ಸುಮಾರು 4,700 ಆಪರೇಷನ್ ಆಗಿತ್ತು. ಕೇಂದ್ರ ಸರ್ಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಆಗ ನೋಡಿದರೆ ಮೂರು ಸಾವಿರಕ್ಕೂ ಹೆಚ್ಚು ಜನರ ಪತ್ತೆಯೇ ಇಲ್ಲ! ಯಾರ ಸೊಂಟದಲ್ಲಿ ಯಾವುದಿದೆ ಎಂದು ಸರಿಯಾಗಿ ಲೆಕ್ಕ ಇಟ್ಟವರಿರಲಿಲ್ಲ. ಅಮೆರಿಕದಲ್ಲಿ 2013ರಲ್ಲಿ ಸುಮಾರು 8,000 ಜನರಿಗೆ 250 ಕೋಟಿ ಡಾಲರ್ ಕೊಡಲು ಒಪ್ಪಿದ ಕಂಪನಿ, ನಮ್ಮ ಸರ್ಕಾರ 2018ರಲ್ಲಿ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರ ಗೊತ್ತುಮಾಡಿದಾಗ ದೆಹಲಿ ಹೈಕೋರ್ಟಿಗೆ ಹೋಯಿತು. 2019ರಲ್ಲಿ ಕೊಡುತ್ತೇವೆಂದದ್ದು 67 ಜನರಿಗೆ, ತಲಾ 25 ಲಕ್ಷ.

ಇಂಥ ಅನ್ಯಾಯ ನೋಡಲು ದೂರ ಹೋಗಬೇಕಿಲ್ಲ, ನೆಲ್ಯಾಡಿಯಾಚೆಯ ಕೊಕ್ಕಡವನ್ನು ನೀವೇ ಬಲ್ಲಿರಿ. ಗೇರುತೋಟಕ್ಕೆ ಸುರಿದ ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದವರ ಮಾಸಾಶನ ಬರುವುದು ಸರ್ಕಾರದ ಖಜಾನೆಯಿಂದ, ವಿಷ ತಯಾರಿಸಿದವರ ಕಿಸೆಯಿಂದಲ್ಲ. ಮಾರಿ ಲಾಭ ಎಣಿಸಿದವರು ಮನೆಬಾಗಿಲಿಗೆ ಬಂದು ವಿಚಾರಿಸಬೇಕು. ಸೊಂಟ ಕೆಟ್ಟವರೇ ಶಿರಾಡಿ ಘಾಟಿ ಹತ್ತಿ ಕಚೇರಿ ಕಚೇರಿ ಅಲೆಯಬೇಕೆಂದರೆ ಅದೆಂಥ ನ್ಯಾಯ?

ಮಾವನವರದು ಎಎಸ್‌ಆರ್ ಅಲ್ಲ, ಅದು ನಿಂತು ವರ್ಷಗಳೇ ಆದವು, ಹೆದರಬೇಡಿ. ಆದರೂ ಡಿಸ್‌ಚಾರ್ಜ್ ಕಾಗದದಲ್ಲಿ ಕೀಲಿನ ಕಂಪನಿ, ಮಾಡೆಲ್, ಲಾಟ್ ನಂಬರ್ ಇರುವ ಸ್ಟಿಕ್ಕರ್ ಉಂಟಾ ನೋಡಿ. ಇಲ್ಲದಿದ್ದರೆ ಮುಂದಿನ ಸಲ ತೋರಿಸಲು ಹೋದಾಗ ಕೇಳಿ ಪಡೆಯಿರಿ. ಕೇಸ್ ಶೀಟಿನಲ್ಲಿ ಅಂಟಿಸಿರುತ್ತಾರೆ. ಆರ್‌ಟಿಸಿ ಇಡುವ ಪೆಟ್ಟಿಗೆಯಲ್ಲೇ ಅದೂ ಇರಲಿ. ನಿಮ್ಮಲ್ಲಿನ ಮಳೆಯ ಥಂಡಿಗೆ ಅಕ್ಷರ ಮಾಸುತ್ತದೆ, ಫೋನಿನಲ್ಲಿ ಫೋಟೋ ತೆಗೆದಿಡಿ. ಸೊಂಟದಲ್ಲಿ ಹೊಸದಾಗಿ ನೋವು, ಬಾವು ಕಂಡರೆ "ಪ್ರಾಯ ಆಯ್ತಲ್ಲ" ಎಂದು ಸುಮ್ಮನಿರಬೇಡಿ.

ಸ್ಟಿಕ್ಕರ್ ಸಿಕ್ಕಿತೇ ಎಂದು ಬರೆಯಿರಿ. ಮಾವನವರಿಗೆ ನನ್ನ ನಮಸ್ಕಾರ.

ನಿಮ್ಮ ತಮ್ಮ