ನಿಲುಗಡೆಯ ಲೆಕ್ಕ

ಗಂಟೆಗೆ 36 ಕಿ.ಮೀ. ವೇಗದಲ್ಲಿ ಓಡುವ ಬಸ್ಸಿಗೆ 18 ಕಿ.ಮೀ. ದೂರವನ್ನು ಕ್ರಮಿಸಲು ಎಷ್ಟು ಕಾಲ ಬೇಕು? ದೂರವನ್ನು ವೇಗದಿಂದ ಭಾಗಿಸಿದರೆ ಅರ್ಧ ಗಂಟೆಯೆಂಬ ಉತ್ತರ ದೊರೆಯುತ್ತದೆ. ಈ ಸರಳ ಲೆಕ್ಕವನ್ನೇ ನಂಬಿ ನಾನೊಮ್ಮೆ ಒಬ್ಬ ಬಾಲಕನಿಗೆ ಅನ್ಯಾಯ ಮಾಡಿದೆ.

ಅದು 1984ರ ಮಾತು. ಹಾಸನ ಜಿಲ್ಲೆಯ ಒಂದು ಪ್ರೌಢಶಾಲೆಗೆ ಆಗತಾನೆ ಕನ್ನಡ ಅಧ್ಯಾಪಕನಾಗಿ ಸೇರಿದ್ದೆ. ಒಂಬತ್ತನೆಯ ತರಗತಿಗೆ ಹತ್ತು ಗಂಟೆಯ ಮೊದಲ ಪಾಠ ನನ್ನದು. 18 ಕಿ.ಮೀ. ದೂರದ ಹಳ್ಳಿಯಿಂದ ಬರುತ್ತಿದ್ದ ಹುಡುಗನೊಬ್ಬ ದಿನವೂ ಹತ್ತು ನಿಮಿಷ ತಡವಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ. ಒಂದು ದಿನ ನನ್ನ ತಾಳ್ಮೆ ಕೆಟ್ಟಿತು.

“ನಿಮ್ಮೂರಿನಿಂದ ಬಸ್ಸು ಹೊರಡುವುದು 9.10ಕ್ಕೆ. 9.40ಕ್ಕೆ ನೀನು ಇಲ್ಲಿರಬೇಕು. ಉಳಿದ ಅರ್ಧ ಗಂಟೆ ಎಲ್ಲಿ ಅಲೆಯುತ್ತೀಯೆ?” ಎಂದು ಗದರಿ, ಪಾಠ ಮುಗಿಯುವವರೆಗೂ ಹೊರಗೆ ನಿಲ್ಲಿಸಿದೆ. ಅವನು ಎದುರಾಡಲಿಲ್ಲ.

ಮರುದಿನ ಒಂದು ಹಾಳೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅದರಲ್ಲಿ ಆರು ನಿಲುಗಡೆಗಳ ಪಟ್ಟಿಯಿತ್ತು. ನಾಲ್ಕು ಹಳ್ಳಿಗಳಲ್ಲಿ 2, 3, 2, 3 ನಿಮಿಷ. ತರಕಾರಿಯ ಮಂಕರಿಗಳನ್ನು ಬಸ್ಸಿನ ಮೇಲೇರಿಸುವ ಊರಿನಲ್ಲಿ 8 ನಿಮಿಷ. ರೈಲ್ವೆ ಗೇಟಿನಲ್ಲಿ 12 ನಿಮಿಷ. ಕೆಳಗೆ ಹೀಗೆ ಬರೆದಿದ್ದ: “ಓಡಿದ್ದು 30 ನಿಮಿಷ, ನಿಂತದ್ದು 30 ನಿಮಿಷ. ಸರಾಸರಿ ವೇಗ ಗಂಟೆಗೆ 18 ಕಿ.ಮೀ.”

ಸರಾಸರಿ ವೇಗವನ್ನು ತಿಳಿಯಲು ಒಟ್ಟು ದೂರವನ್ನು ಒಟ್ಟು ಕಾಲದಿಂದ ಭಾಗಿಸಬೇಕು. ನಿಂತ ಕಾಲವೂ ಆ ಒಟ್ಟಿನಲ್ಲಿ ಸೇರುತ್ತದೆ. ಇದು ನನಗೆ ತಿಳಿಯದ ವಿಷಯವಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಆ ಭಾನುವಾರ ಅವನ ಹಳ್ಳಿಯಲ್ಲಿದ್ದ ನನ್ನ ಸ್ನೇಹಿತರೊಬ್ಬರ ಮನೆಯಲ್ಲಿ ತಂಗಿದ್ದು, ಸೋಮವಾರ ಬೆಳಿಗ್ಗೆ ಅದೇ ಬಸ್ಸನ್ನು ಹತ್ತಿದೆ.

ದಾರಿಯುದ್ದಕ್ಕೂ ಕೈಗಡಿಯಾರವನ್ನೇ ನೋಡುತ್ತಿದ್ದೆ. ಮೂರನೆಯ ಹಳ್ಳಿಯಲ್ಲಿ ಬಸ್ಸು ಹೊರಡುವಷ್ಟರಲ್ಲಿ ಮುದುಕಿಯೊಬ್ಬಳು ಕೈಯೆತ್ತಿ ಕೂಗುತ್ತ ಹೊಲದ ಬದುವಿನ ಮೇಲೆ ಬರುತ್ತಿದ್ದಳು. ಕಂಡಕ್ಟರ್ ಬಸ್ಸನ್ನು ನಿಲ್ಲಿಸಿದ. ನಾನು ಒಳಗೊಳಗೇ ಸಿಡುಕಿದೆ. ಆ ಹುಡುಗ ಕೆಳಗಿಳಿದು ಆಕೆಯ ಗಂಟನ್ನು ಎತ್ತಿಕೊಟ್ಟು, ಕೈಹಿಡಿದು ಹತ್ತಿಸಿದ. ನನ್ನ ಲೆಕ್ಕದಲ್ಲಿ ನಷ್ಟವಾದ ಆ ಎರಡು ನಿಮಿಷ ಆಕೆಯ ಪ್ರಯಾಣದ ಆರಂಭವಾಗಿತ್ತು. ಮುಂದೆ ಗೇಟು ಮುಚ್ಚಿತ್ತು. ಅರಸೀಕೆರೆಯ ಕಡೆಗೆ ಹೋಗುವ ಮೀಟರ್ ಗೇಜ್ ರೈಲು ನಿಧಾನವಾಗಿ ದಾಟಿಹೋಯಿತು.

ನಾವಿಬ್ಬರೂ ಶಾಲೆಯನ್ನು ಮುಟ್ಟಿದಾಗ ಗಂಟೆ 10.10. ಮುಖ್ಯೋಪಾಧ್ಯಾಯರು ಗೋಡೆಯ ಗಡಿಯಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಸುಮ್ಮನಾದರು. ನನ್ನನ್ನು ಯಾರೂ ಹೊರಗೆ ನಿಲ್ಲಿಸಲಿಲ್ಲ.

ತರಗತಿಯ ಮುಂದೆ ನಿಂತು, “ಅಂದು ತಪ್ಪಿದ್ದು ನನ್ನ ಲೆಕ್ಕ, ಇವನದು ಸರಿಯಾಗಿತ್ತು” ಎಂದೆ. ಹುಡುಗ ತಲೆ ತಗ್ಗಿಸಿದ. ಅವನ ಊರಿಗೆ ಬೆಳಿಗ್ಗೆ ಇದ್ದುದು ಅದೊಂದೇ ಬಸ್ಸು.

ಒಬ್ಬರು ತಡವಾಗಿ ಬಂದರೆಂದು ದೂರುವ ಮೊದಲು, ಅವರ ದಾರಿಯಲ್ಲಿ ಎಷ್ಟು ನಿಲುಗಡೆಗಳಿವೆಯೆಂದು ಕೇಳಬೇಕೆಂಬುದನ್ನು ನಾನು ಕಲಿತದ್ದು ಹೀಗೆ. ಅಂದಿನಿಂದ ಹಾಜರಿ ಪುಸ್ತಕವನ್ನು ಪಾಠದ ಕೊನೆಯಲ್ಲಿ ತೆರೆಯತೊಡಗಿದೆ.