ವಾಲ್ಕೂರಿನ ಹಿಮಬಂಡಿ

ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಮಾಂಟ್ರಿಯಲ್ ನಗರಕ್ಕೆ ಪೂರ್ವದಲ್ಲಿ, ವಾಲ್ಕೂರ್ ಎಂಬ ಸಣ್ಣ ಊರೊಂದಿದೆ. ನಾವು ಅಲ್ಲಿಗೆ ಹೋದುದು ಫೆಬ್ರವರಿ ತಿಂಗಳಲ್ಲಿ. ಹೊಲ, ಬೇಲಿ, ಹಳ್ಳ, ಕೊಳಗಳೆಲ್ಲವೂ ಒಂದೇ ಬಿಳುಪಿನಲ್ಲಿ ಮುಳುಗಿದ್ದುವು.

ನಾವು ಹೋದುದು ಒಂದು ವ್ಯಾಪಾರದ ನಿಮಿತ್ತವಾಗಿ. ನಮ್ಮ ಮಗನು ಆ ಸೀಮೆಯಲ್ಲಿ ಸಂಸಾರ ಹೂಡಿದ್ದಾನೆ. ಅವನ ಮನೆಗೂ ಸರಕಾರದ ರಸ್ತೆಗೂ ನಡುವೆ ಒಂದು ಕಿಲೋಮೀಟರಿನಷ್ಟು ಸ್ವಂತ ದಾರಿ. ಹಿಮ ಸುರಿದ ದಿನ ಅದು ಮುಚ್ಚಿಹೋಗುವುದು. ಮನೆಯಲ್ಲಿ ಹತ್ತು ತಿಂಗಳ ಕೂಸು. ಇರುಳಿನಲ್ಲಿ ಜ್ವರ ಬಂದರೆ ರಸ್ತೆಯವರೆಗಾದರೂ ತಲಪಬೇಡವೇ? ಆದುದರಿಂದ ಹಳೆಯ ಸ್ನೋಮೊಬೈಲ್ ಒಂದನ್ನು ಕೊಳ್ಳಬೇಕೆಂದು ಅವನ ಹಂಬಲ. ಮುಂದೆ ಎರಡು ಜಾರುಪಟ್ಟಿ, ಹಿಂದೆ ತಿರುಗುವ ರಬ್ಬರಿನ ಪಟ್ಟ, ಮೇಲೆ ಮೋಟಾರ್ ಸೈಕಲಿನಂತೆ ಕುಳಿತುಕೊಳ್ಳುವ ಪೀಠ. ಇದೇ ಆ ಹಿಮಬಂಡಿ. ವಾಲ್ಕೂರಿನ ಬಳಿಯ ರೈತನೊಬ್ಬನು ಅಂಥದೊಂದನ್ನು 1,500 ಡಾಲರಿಗೆ ಮಾರುವವನಿದ್ದನು. ಎಂಜಿನಿನಲ್ಲಿ ತೊಂದರೆ ಇದೆಯೆಂಬುದನ್ನು ಅವನು ಮುಚ್ಚಿಡಲಿಲ್ಲ.

ದಾರಿಯಲ್ಲಿ ಆ ಊರಿನ ವಸ್ತುಸಂಗ್ರಹಾಲಯವನ್ನು ನೋಡಿದೆವು. ಈ ಊರಿನಲ್ಲಿಯೇ 1907ರಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬಾತನು ಹುಟ್ಟಿದನು. ಹದಿನೈದನೆಯ ವಯಸ್ಸಿನಲ್ಲಿಯೇ ಹಳೆಯ ಫೋರ್ಡ್ ಮೋಟಾರಿನ ಎಂಜಿನನ್ನು ಜಾರುಬಂಡಿಗೆ ಕಟ್ಟಿ ಓಡಿಸಿದ ಹುಡುಗನೀತ. 1934ರ ಚಳಿಗಾಲದಲ್ಲಿ ಆತನ ಎರಡು ವರ್ಷದ ಮಗನಿಗೆ ಅಪೆಂಡಿಸೈಟಿಸ್ ಆಯಿತು. ಆಸ್ಪತ್ರೆ ಸುಮಾರು 50 ಕಿಲೋಮೀಟರು ದೂರದ ಶೆರ್ಬ್ರೂಕಿನಲ್ಲಿ. ದಾರಿಯೆಲ್ಲ ಹಿಮದಿಂದ ಕಟ್ಟಿತ್ತು. ಮಗು ಉಳಿಯಲಿಲ್ಲ. ಅನಂತರ ಆತನು ಹಲ್ಲುಗಾಲಿಯಿಂದ ತಿರುಗುವ ರಬ್ಬರ್ ಪಟ್ಟವನ್ನು ಸಿದ್ಧಪಡಿಸಿ, 1937ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಏಳು ಜನ ಕೂರಬಹುದಾದ ಆತನ ಬಂಡಿಗಳು ವೈದ್ಯರನ್ನೂ ಟಪಾಲನ್ನೂ ಹೊತ್ತು ಓಡಾಡಿದುವು. 1948ರಲ್ಲಿ ಹಳ್ಳಿಯ ರಸ್ತೆಗಳ ಹಿಮವನ್ನು ತೆಗೆಯಬೇಕೆಂದು ಪ್ರಾಂತದಲ್ಲಿ ಕಾನೂನಾಗಲು, ದೊಡ್ಡ ಬಂಡಿಗಳ ಮಾರಾಟ ಇಳಿಯಿತು. ಕಡೆಗೆ 1959ರಲ್ಲಿ ಸ್ಕೀ-ಡೂ ಎಂಬ ಚಿಕ್ಕ ಬಂಡಿ ಹೊರಬಂದಿತು. ಇದನ್ನೆಲ್ಲ ನೋಡುತ್ತ ನಮ್ಮ ಮನೆಯವರು ಮಾತನ್ನೇ ಆಡಲಿಲ್ಲ.

ರೈತನ ಕೊಟ್ಟಿಗೆಯಲ್ಲಿ ಬಂಡಿಯು ತಣ್ಣಗೆ ನಿಂತಿತ್ತು. ನಾವು ಕರೆದೊಯ್ದಿದ್ದ ಮೆಕ್ಯಾನಿಕ್ ಮೊದಲು ಎಂಜಿನನ್ನು ಮುಟ್ಟಿ ನೋಡಿದನು. ಮುಂಚೆಯೇ ಕಾಯಿಸಿಟ್ಟ ಎಂಜಿನು ತನ್ನ ರೋಗವನ್ನು ಮರೆಮಾಚಬಲ್ಲುದಂತೆ. ಹಗ್ಗವನ್ನು ಹತ್ತಾರು ಸಲ ಎಳೆದ ಮೇಲೆ ಅದು ಕೆಮ್ಮುತ್ತ ಎದ್ದಿತು. ವೇಗ ಕೊಟ್ಟೊಡನೆ ಕುಸಿಯಿತು. "ಕಾರ್ಬುರೇಟರಿನಲ್ಲಿ ಕಸ ಸೇರಿದೆ, ಅಷ್ಟೆ" ಎಂದನು ರೈತ. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒತ್ತಡವನ್ನು ಅಳೆದನು. ಒಂದು ಸಿಲಿಂಡರಿನಲ್ಲಿ 120 ಪೌಂಡು, ಮತ್ತೊಂದರಲ್ಲಿ 85. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿನ ಅಂತರವಿದ್ದರೆ ಸಂಶಯಪಡಬೇಕೆಂದು ಅವನು ತಿಳಿಸಿದನು. ಹೊಗೆಕೊಳವೆಯನ್ನು ಕಳಚಿ ದೀಪ ಹಿಡಿದಾಗ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರುಗಳು ಕಂಡುವು.

ಅದರ ಕಾರಣವನ್ನೂ ಅವನು ವಿವರಿಸಿದನು. ಇಂಥ ಎರಡು-ಸ್ಟ್ರೋಕ್ ಎಂಜಿನಿಗೆ ಕಾರಿನಲ್ಲಿರುವಂತೆ ಎಣ್ಣೆಯ ತೊಟ್ಟಿ ಕೆಳಗಿರುವುದಿಲ್ಲ. ಈ ಬಂಡಿಯಲ್ಲಿ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಬೇಕು. ನಿಂತು ಹಳಸಿದ ಪೆಟ್ರೋಲು ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿದರೆ, ಅಥವಾ ಸೀಲು ಸವೆದು ಹೊರಗಿನ ಗಾಳಿ ಒಳನುಗ್ಗಿದರೆ, ಗಾಳಿ ಹೆಚ್ಚಿ ಇಂಧನ ಕಡಮೆಯಾಗುವುದು, ಕಾವು ಏರುವುದು, ಪಿಸ್ಟನ್ ಉಜ್ಜಿ ಸುಡುವುದು. ಮೂಲವನ್ನು ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಸುಡುವುದು.

ಅಲ್ಲಿಯೇ ಲೆಕ್ಕ ಹಾಕಿದೆವು. ಪಿಸ್ಟನ್ನಿನ ಕೆಲಸ ಮಾತ್ರವಾದರೆ ಅವನ ಅಂದಾಜು 900 ಡಾಲರು. ಕ್ರ್ಯಾಂಕಿನ ಬೇರಿಂಗುಗಳೂ ಕೆಟ್ಟಿದ್ದರೆ 1,800. ಚೆನ್ನಾಗಿ ಓಡುವ ಅಂಥದೇ ಬಂಡಿ ಆ ಸೀಮೆಯಲ್ಲಿ 2,500ಕ್ಕೆ ದೊರೆಯುತ್ತಿತ್ತು. ಅದೃಷ್ಟವಿದ್ದರೆ ಲಾಭ ನೂರು ಡಾಲರು. ಇಲ್ಲವಾದರೆ ನಷ್ಟ ಎಂಟುನೂರು.

ಮಗನು ಆದರೂ ಆಸೆ ಬಿಡಲಿಲ್ಲ. "ನಾನೇ ಬಿಚ್ಚಿ ಕಲಿಯುತ್ತೇನೆ, ಅಪ್ಪಾ" ಎಂದನು. ಆಗ ನಮ್ಮ ಮನೆಯವರು, "ಕಲಿಯುವುದಕ್ಕಾದರೆ ಕೊಳ್ಳು ಮಗು, ಬೇಡವೆನ್ನುವುದಿಲ್ಲ. ಆದರೆ ಕೂಸಿಗಾಗಿ ಎಂದೆಯಲ್ಲ. ಇದು ನಡುದಾರಿಯಲ್ಲಿ ನಿಂತರೆ ಕೂಸನ್ನೆತ್ತಿಕೊಂಡು ಯಾವ ಕಡೆಗೆ ನಡೆಯುತ್ತೀಯೆ?" ಎಂದು ಕೇಳಿದರು. ಅವನು ಉತ್ತರ ಕೊಡಲಿಲ್ಲ.

ನಾವು 700 ಡಾಲರಿಗೆ ಕೇಳಿದೆವು. ರೈತನು ನಕ್ಕು ತಲೆಯಲ್ಲಾಡಿಸಿ, ನಮಗೆಲ್ಲ ಬಿಸಿ ಕಾಫಿ ಕೊಟ್ಟು ಕಳುಹಿಸಿದನು. ಹಿಂದಿರುಗಿದ ಮೇಲೆ ಮಗನು ಹಿಮ ತೆಗೆಯುವವನೊಬ್ಬನನ್ನು ಗೊತ್ತುಮಾಡಿ, ಚಳಿಗಾಲ ಮುಗಿಯುವವರೆಗೆ ತನ್ನ ದಾರಿಯನ್ನು ತೆರವಾಗಿಡುವಂತೆ ಹಣ ಕೊಟ್ಟನು. ಬೊಂಬಾರ್ಡಿಯೇಯ ದೊಡ್ಡ ಬಂಡಿಗಳನ್ನು ಮೂಲೆಗೆ ತಳ್ಳಿದ ಉಪಾಯವೇ ನಮಗೂ ಒದಗಿತು.

ಎರಡು ದಿನಗಳ ತರುವಾಯ ರಾತ್ರಿಯೆಲ್ಲ ಹಿಮ ಸುರಿಯಿತು. ಬೆಳಗಿನ ಐದು ಗಂಟೆಗೆ ಹಿಮಗುದ್ದಲಿಯ ಬಂಡಿ ಗುಡುಗುಡಿಸುತ್ತ ಬಾಗಿಲವರೆಗೂ ಬಂದು ಹೋಯಿತು. ಆ ಸದ್ದಿಗೆ ಕೂಸು ಎದ್ದು ಅತ್ತಿತು. ನಾವು ಮಾತ್ರ ಮತ್ತೊಂದು ಗಳಿಗೆ ನೆಮ್ಮದಿಯಿಂದ ಮಲಗಿದೆವು.